ಕೈ ಮುಗಿದ ಗಿಡುಗಗಳು

ಕೋಲಾರ ಜಿಲ್ಲೆಗೆ ಪ್ರತಿ ವರ್ಷ ಅಕ್ಟೋಬರಿನಲ್ಲಿ ಬೇಟೆಹಕ್ಕಿಗಳು ಹೊರದೇಶದಿಂದ ವಲಸೆ ಬಂದು ಮಾರ್ಚಿನಲ್ಲಿ ಹಿಂತಿರುಗುತ್ತವೆ. ಇದಕ್ಕಾಗಿ ಅವು ಈವರೆಗೆ ಯಾರ ಅನುಮತಿಯನ್ನೂ ಪಡೆದಿರಲಿಲ್ಲ. ಈ ಲೋಪವನ್ನು ಸರಿಪಡಿಸುವ ಸಲುವಾಗಿಯೇ ಮಾಲೂರಿನಲ್ಲಿ ‘ವಲಸೆ ಬೇಟೆಹಕ್ಕಿ ಗಣತಿ ಮತ್ತು ಉಂಗುರಧಾರಣಾ ವಿಶೇಷ ಘಟಕ’ವನ್ನು ತೆರೆಯಲಾಯಿತು. ನಾನು ಆ ಘಟಕದ ದ್ವಿತೀಯ ದರ್ಜೆ ಸಹಾಯಕ. ನಮ್ಮ ಮೇಲಿನ ಹೊಟ್ಟೆಯುರಿಗೆ ಕೆಲವರು ಟೀ ಅಂಗಡಿಯಲ್ಲಿ ಕೂತು ಏನೇನೋ ಆಡಿಕೊಳ್ಳುತ್ತಾರೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ. ನಮ್ಮ ಕಡೆಯಿಂದ ಎಲ್ಲಿ ತಪ್ಪಾಗಿದೆ ಅಂತ ನೀವೇ ತೋರಿಸಿ, ನೋಡೋಣ.

ಮಾಸ್ತಿಗೆ ಹೋಗುವ ದಾರಿಯಲ್ಲಿ ಸೊಂಟದೆತ್ತರ ಹುಲ್ಲು ಬೆಳೆಯುವ ಒಂದು ಗೋಮಾಳವಿದೆ. ಬೂದು ಬಣ್ಣದ, ಉದ್ದ ರೆಕ್ಕೆಯ ಗಿಡುಗಗಳು ಹೊತ್ತು ಮುಳುಗುವ ವೇಳೆಗೆ ಗುಂಪುಗುಂಪಾಗಿ ಬಂದು ಆ ಹುಲ್ಲಿನೊಳಗೆ ಇಳಿದು ಮಲಗುತ್ತವೆ. ಮರದ ಮೇಲೆ ಮಲಗಲು ಅವಕ್ಕೇನು ಕಷ್ಟವೋ ಗೊತ್ತಿಲ್ಲ, ಅದು ಅವುಗಳ ಖಾಸಗಿ ವಿಷಯ. ಹಗಲು ಹೊತ್ತು ಅದೇ ಹುಲ್ಲಿನಲ್ಲಿ ಪಕ್ಕದ ಊರಿನ ಶಾಮಲಮ್ಮನವರ ಎರಡು ಹಸುಗಳು ಮೇಯುತ್ತಿದ್ದವು. ಈ ಗೋಮಾಳವನ್ನು ಗೋದಾಮು ಕಟ್ಟಲು ಕೊಡಬೇಕೆಂದು ತೀರ್ಮಾನವಾಗಿತ್ತು. ಆದರೆ ನವೆಂಬರ್ ಮುಗಿಯುವುದರೊಳಗೆ ಅಲ್ಲಿ ಇನ್ನೂರು ವಲಸೆ ಬೇಟೆಹಕ್ಕಿಗಳು ಅಧಿಕೃತವಾಗಿ ದಾಖಲಾದರೆ ಗೋಮಾಳವನ್ನು ಹಕ್ಕಿಗಳಿಗಾಗಿ ಉಳಿಸಿಕೊಳ್ಳತಕ್ಕದ್ದು ಎಂಬ ಷರತ್ತೂ ಇತ್ತು.

ವಿಷಯ ತಿಳಿದ ಮಾರನೇ ದಿನವೇ ಶಾಮಲಮ್ಮ ಕಚೇರಿಗೆ ಬಂದು ನಮ್ಮ ವಿಶೇಷಾಧಿಕಾರಿ ಅಮರನಾಥ್ ಸಾಹೇಬರ ಮೇಜಿನ ಮುಂದೆ ನಿಂತರು.

“ಸಾಮಿ, ಆ ಹುಲ್ಲು ಹೋದ್ರೆ ನನ್ ಹಸುಗಳ್ನ ಎಲ್ಲಿಗೆ ಹೊಡ್ಕೊಂಡ್ ಹೋಗ್ಲಿ? ಡೈರಿಗೆ ಹಾಲ್ ಹಾಕ್ದಿದ್ರೆ ನಮ್ಮನೇಲಿ ಒಲೆ ಹತ್ತಲ್ಲ. ಸಂಜೆ ಒಂದ್ ಗಳಿಗೆ ಬಂದು ನಿಂತ್ಕೊಳ್ಳಿ. ಗದ್ದಗಳು, ಅದೇ ನಿಮ್ ಗಿಡುಗಗಳು, ಬೇಕಾದಷ್ಟು ಬರ್ತವೆ, ಎಣಿಸ್ಕೊಂಡು ಹೋಗಿ.”

“ಎಣಿಸ್ತೀವಿ ಕಣಮ್ಮಾ, ನಾವಿರೋದೇ ಅದಕ್ಕೆ” ಅಂದರು ಸಾಹೇಬರು. “ಆದ್ರೆ ಸುಮ್ನೆ ಎಣಿಸೋ ಹಾಗಿಲ್ಲ. ಒಂದೇ ಹಕ್ಕಿ ಎರಡು ಸಲ ಹಾರಿ ಸರ್ಕಾರಕ್ಕೆ ಮೋಸ ಮಾಡಬಹುದು. ಅದಕ್ಕೇ ನಿಯಮ ಇದೆ, ಕಾಲಿಗೆ ಉಂಗುರ ಇಲ್ಲದ ಹಕ್ಕಿಯನ್ನು ಹಕ್ಕಿಯೆಂದು ಪರಿಗಣಿಸತಕ್ಕದ್ದಲ್ಲ.”

ಶಾಮಲಮ್ಮ ಕೂಡಲೇ, “ಹಂಗಾದ್ರೆ ಬೇಗ ಉಂಗುರ ಹಾಕ್ಬಿಡಿ” ಅಂದರು. ಎಷ್ಟು ಸಹಕರಿಸುವ ಹೆಂಗಸು ಅಂತ ನನಗೆ ಅವತ್ತೇ ಅವರ ಮೇಲೆ ಗೌರವ ಬಂತು.

ಉಂಗುರ ಮಾಡಿಸಲು ಅಳತೆ ಬೇಕು. ಅಳತೆಯನ್ನು ಕಚೇರಿ ವೇಳೆಯಲ್ಲಿ, ಕಚೇರಿಯ ಒಳಗೆ, ಅಧಿಕಾರಿಯ ಸಮಕ್ಷಮದಲ್ಲಿ, ಜೀವಂತ ಮಾದರಿಯಿಂದಲೇ ತೆಗೆಯಬೇಕೆಂದು ಕೈಪಿಡಿ ಹೇಳುತ್ತದೆ. ಗಿಡುಗಗಳು ಬರುವುದು ಕಚೇರಿ ಮುಚ್ಚಿದ ಮೇಲೆ. ಸಾಹೇಬರು ಧೃತಿಗೆಡಲಿಲ್ಲ. ಕೈಪಿಡಿ ತೆಗೆಸಿ, ಬೇಟೆಹಕ್ಕಿ ಎಂದರೆ ಏನು ಎಂಬ ವಿವರಣೆಯನ್ನು ನನ್ನಿಂದ ಗಟ್ಟಿಯಾಗಿ ಓದಿಸಿದರು. ‘ಎರಡು ಕಾಲುಳ್ಳ, ಮಾಂಸಾಹಾರಿಯಾದ, ತೀಕ್ಷ್ಣ ದೃಷ್ಟಿಯ, ಅಕ್ಟೋಬರಿನಲ್ಲಿ ಹೊರಗಿನಿಂದ ಬಂದು ಮಾರ್ಚಿನಲ್ಲಿ ಹಿಂತಿರುಗುವ ಜೀವಿ.’

ನಾವಿಬ್ಬರೂ ಏಕಕಾಲಕ್ಕೆ ಬಾಗಿಲ ಕಡೆ ನೋಡಿದೆವು. ಅಲ್ಲಿ ನಮ್ಮ ಡ್ರೈವರ್ ಭೀಮರಾಜ್ ನಿಂತಿದ್ದ. ಎರವಲು ಸೇವೆಯ ಮೇಲೆ ಅಕ್ಟೋಬರಿನಲ್ಲಿ ಶ್ರೀನಿವಾಸಪುರದಿಂದ ಬಂದವನು, ಮಾರ್ಚಿಗೆ ಅವಧಿ ಮುಗಿದು ವಾಪಸು ಹೋಗುವವನು. ಮಧ್ಯಾಹ್ನದ ಊಟಕ್ಕೆ ಅವನ ಡಬ್ಬಿಯಲ್ಲಿ ಏನಿರುತ್ತದೆಂದು ಇಡೀ ಕಚೇರಿಗೆ ವಾಸನೆಯಿಂದಲೇ ಗೊತ್ತು. ದೃಷ್ಟಿಯಂತೂ, ಹೆಲ್ಮೆಟ್ ಹಾಕದೆ ಬೈಕಿನಲ್ಲಿ ಹೋಗುವಾಗ ಪೊಲೀಸರನ್ನು ಒಂದು ಮೈಲಿ ದೂರದಿಂದ ಗುರುತಿಸುವಷ್ಟು ಚುರುಕು.

“ಸಾರ್, ನಾನು ಹಾರಲ್ಲ ಸಾರ್” ಅಂದ ಭೀಮರಾಜ್.

“ಹಾರಬೇಕು ಅಂತ ವಿವರಣೇಲಿ ಎಲ್ಲಿದೆ, ತೋರ್ಸು” ಅಂದರು ಸಾಹೇಬರು.

ಎಲ್ಲಿಯೂ ಇರಲಿಲ್ಲ. ಭೀಮರಾಜ್ ಪ್ಯಾಂಟು ಮಡಚಿ ಕುರ್ಚಿಯ ಮೇಲೆ ಕಾಲಿಟ್ಟ. ನಾನು ಟೇಪು ಹಿಡಿದು ಅಳತೆ ತೆಗೆದೆ.

ಮುಳಬಾಗಿಲಿನ ಗೌಸ್ ಮೊಹಿದ್ದೀನ್ ಅವರದು ತಲೆಮಾರುಗಳಿಂದ ಕಡಗ, ಕಾಲುಂಗುರ ಮಾಡುವ ಮನೆತನ. ಕೊಟ್ಟ ಅಳತೆಗೆ ಸರಿಯಾಗಿ ತಿರುಪಿನ ಉಂಗುರಗಳನ್ನು ಮಾಡಿ, ಗೋಣಿಚೀಲಕ್ಕೆ ತುಂಬಿ ಅವರೇ ತಂದರು. ತಂದವರು ಸುಮ್ಮನೆ ಹೋಗಬಾರದೇ? ಒಂದು ಉಂಗುರ ತೆಗೆದು ಅದರೊಳಗೆ ತಮ್ಮ ಕೈಯನ್ನು ಮೊಣಕೈವರೆಗೂ ತೂರಿಸಿ ತೋರಿಸಿದರು.

“ಸಾಬ್, ಬುರಾ ಮತ್ ಮಾನೋ, ಬೇಜಾರ್ ಮಾಡ್ಕೋಬೇಡಿ, ಇದು ನಿಜವಾಗ್ಲೂ ಹಕ್ಕಿ ಕಾಲಿಂದಾ? ನಮ್ ಮುತ್ತಾತನ ಕಾಲದಿಂದ ಕಡಗ ಮಾಡ್ತಾ ಇದೀವಿ. ಇಂಥ ಕಾಲಿರೋ ಹಕ್ಕಿ ಬಂದ್ರೆ ನಾನ್ ಅಂಗಡಿ ಬಾಗ್ಲು ಹಾಕ್ಕೊಂಡು ಮನೆಗೋಗ್ತೀನಿ.”

“ವಿದೇಶಿ ಹಕ್ಕಿ, ದೊಡ್ಡದಿರತ್ತೆ” ಅಂದೆ ನಾನು. ಇಲಾಖೆಯ ಮರ್ಯಾದೆ ನಾವೇ ಕಾಪಾಡಬೇಕಲ್ಲ.

ಆ ಸಂಜೆ ಗೋಮಾಳದಲ್ಲಿ ಬಲೆ ಕಟ್ಟಿ ಭೀಮರಾಜ್ ಒಂದು ಗಿಡುಗವನ್ನು ಹಿಡಿದ. ಸಾಹೇಬರು ಅದರ ಕಾಲಿಗೆ ಉಂಗುರ ತೊಡಿಸಿ ತಿರುಪು ಬಿಗಿ ಮಾಡಿದರು. ಶಾಮಲಮ್ಮ ಹಸುಗಳ ಹಗ್ಗ ಹಿಡಿದು ನೋಡುತ್ತಿದ್ದರು. ಹಕ್ಕಿ ಹಾರಿತು. ಉಂಗುರ ಹಾರಲಿಲ್ಲ. ಸಾಹೇಬರ ಬೂಟಿನ ಪಕ್ಕದಲ್ಲೇ ಬಿದ್ದಿತ್ತು.

“ಚಿಕ್ಕದು ಮಾಡಿಸ್ಬಿಡಿ ಸಾಮಿ” ಅಂದರು ಶಾಮಲಮ್ಮ. ಪಾಪ, ಅವರಿಗೆ ಆಡಳಿತ ತಿಳಿಯದು. ಸಾಹೇಬರು ಸಮಾಧಾನವಾಗಿಯೇ ಬಿಡಿಸಿ ಹೇಳಿದರು: “ನೋಡಮ್ಮ, ಉಂಗುರ ದಾಸ್ತಾನಿಗೆ ಬಂದಾಯ್ತು. ದಾಸ್ತಾನಿಗೆ ಬಂದ ವಸ್ತು ಬದಲಾಯಿಸೋಕೆ ಬರಲ್ಲ. ಹಕ್ಕಿ ಇನ್ನೂ ದಾಸ್ತಾನಿಗೆ ಬಂದಿಲ್ಲ. ಆದ್ದರಿಂದ ಬದಲಾಗಬೇಕಾದದ್ದು ಹಕ್ಕಿ.”

ಇದನ್ನು ನಾನು ಅಲ್ಲೇ ಬರೆದಿಟ್ಟುಕೊಂಡೆ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಇಷ್ಟು ಸ್ಪಷ್ಟವಾದ ಮಾತನ್ನು ನಾನು ಕೇಳಿರಲಿಲ್ಲ.

ತಕ್ಷಣ ತಾಲ್ಲೂಕಿನಾದ್ಯಂತ ಆಟೋದಲ್ಲಿ ಮೈಕು ಕಟ್ಟಿಸಿ ಪ್ರಕಟಣೆ ಹೊರಡಿಸಲಾಯಿತು. ‘ಸಾರ್ವಜನಿಕರ ಗಮನಕ್ಕೆ. ಘಟಕದಲ್ಲಿ ಲಭ್ಯವಿರುವ ಉಂಗುರಕ್ಕೆ ಹೊಂದುವ ಕಾಲುಳ್ಳ ಬೇಟೆಹಕ್ಕಿಗಳು ಬೇಕಾಗಿವೆ. ಆಸಕ್ತರು ಉಂಗುರದ ಮಾದರಿಯನ್ನು ಕಚೇರಿಯಲ್ಲಿ ಪರಿಶೀಲಿಸಬಹುದು.’ ಎರಡು ದಿನ ಯಾರೂ ಬರಲಿಲ್ಲ. ಮೂರನೆಯ ದಿನ ಶಿವಾರಪಟ್ಟಣದಿಂದ ಶಿಲ್ಪಿ ಕದಿರೇಶ ಬಂದರು. ಮೈಯೆಲ್ಲ ಕಲ್ಲುಪುಡಿ. ಉಂಗುರವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು.

“ಹದ್ದು ಅಂದ್ರೆ ನಮ್ಗೆ ಬರೋದು ಒಂದೇ ಸಾರ್, ಗರುಡ. ಕಾಲಿನ ಸುತ್ತಳತೆ ಇಲ್ಲೇ ಇದೆಯಲ್ಲ, ಸಾಕು. ಒಂದು ಅಂಗದ ಅಳತೆ ಸಿಕ್ಕಿದ್ರೆ ಮಿಕ್ಕ ಮೈಯೆಲ್ಲಾ ಶಾಸ್ತ್ರದ ಲೆಕ್ಕದಲ್ಲಿ ತಾನಾಗೇ ಬರತ್ತೆ. ಆದ್ರೆ ಒಂದ್ ಮಾತು, ಗರುಡ ಕೈ ಮುಗಿದಿರತ್ತೆ. ಅದನ್ನ ಬದಲಾಯಿಸೋಕೆ ನನ್ ಕೈಲಾಗಲ್ಲ.”

“ಬೇಡ ಬೇಡ, ಹಾಗೇ ಇರ್ಲಿ” ಅಂದರು ಸಾಹೇಬರು. ಸರ್ಕಾರಿ ಕಚೇರಿಗೆ ಕೈ ಮುಗಿದು ಬರುವವರನ್ನು ನಾವು ಎಂದೂ ತಡೆದಿಲ್ಲ.

ಶಿವಾರಪಟ್ಟಣದ ಬೀದಿಬೀದಿಯಲ್ಲಿ ಹಗಲೆಲ್ಲ ಉಳಿಯ ಸದ್ದು. ನವೆಂಬರ್ ಕೊನೆಯ ವಾರ ಟ್ರಾಕ್ಟರುಗಳಲ್ಲಿ ಇನ್ನೂರು ಬೇಟೆಹಕ್ಕಿಗಳು ಗೋಮಾಳಕ್ಕೆ ವಲಸೆ ಬಂದವು. ರೆಕ್ಕೆ, ಕೊಕ್ಕು, ಮುಗಿದ ಕೈ, ಸರಿಯಾಗಿ ಭೀಮರಾಜನ ಎತ್ತರ. ಸಾಲಾಗಿ ನಿಲ್ಲಿಸಿ ಉಂಗುರ ತೊಡಿಸಿದೆವು. ಒಂದೂ ಜಾರಲಿಲ್ಲ. ಗೌಸ್ ಸಾಹೇಬರು ಮುಳಬಾಗಿಲಿನಿಂದ ನೋಡಲು ಬಂದವರು ಎರಡೂ ಕಿವಿ ಮುಟ್ಟಿಕೊಂಡು, ಕೊಟ್ಟ ಮಾತಿನಂತೆ ಅಂಗಡಿ ಬಾಗಿಲು ಹಾಕಿ ಮನೆಗೆ ಹೋದರು.

ಉಂಗುರ ಇರುವುದು ಕಾಲಿನಲ್ಲಿ. ಹುಲ್ಲು ಸೊಂಟದವರೆಗೆ. ಪರಿವೀಕ್ಷಣೆಗೆ ಬರುವವರಿಗೆ ಉಂಗುರ ಕಾಣಬೇಡವೇ? ಆದ್ದರಿಂದ ಹುಲ್ಲನ್ನು ಪೂರ್ತಿ ಕೊಯ್ಯಿಸಲಾಯಿತು. ಕೊಯ್ದವರು ಶಾಮಲಮ್ಮನವರೇ. ಹಸುಗಳಿಗೆ ಒಂದು ವಾರ ಹಬ್ಬ.

“ಕೊಯ್ದ್ರೆ ಕೊಯ್ದೆ, ಮಳೆ ಬಂದ್ರೆ ಮತ್ತೆ ಚಿಗುರತ್ತೆ. ಗೋಮಾಳ ಉಳೀತಲ್ಲ ಸಾಮಿ, ಅಷ್ಟ್ ಸಾಕು” ಅಂದರು.

ಬೆಂಗಳೂರಿನ ಕೇಂದ್ರ ಕಚೇರಿಯಿಂದ ಪರಿವೀಕ್ಷಣಾಧಿಕಾರಿ ಶ್ರೀವಾಣಿ ಮೇಡಂ ಬಂದರು. ಬಹಳ ಕಟ್ಟುನಿಟ್ಟಿನವರು. ಒಂದೊಂದು ಹಕ್ಕಿಯ ಮುಂದೆಯೂ ಬಗ್ಗಿ ಉಂಗುರ ಮುಟ್ಟಿ ನೋಡಿದರು.

“ಇವು ಯಾಕೆ ಹಾರ್ತಾ ಇಲ್ಲ?”

“ಗಣತಿ ನಡೀತಾ ಇದೆಯಲ್ಲ ಮೇಡಂ” ಅಂದರು ಸಾಹೇಬರು.

“ಸರಿ. ಕೈ ಇದ್ದ ಹಾಗಿದೆ?”

“ಮುಗಿದಿವೆ ಮೇಡಂ.”

ಮೇಡಂ ತಲೆಯಾಡಿಸಿ, ‘ಹಕ್ಕಿಗಳು ಸಿಬ್ಬಂದಿಯೊಂದಿಗೆ ಪೂರ್ಣವಾಗಿ ಸಹಕರಿಸುತ್ತಿವೆ’ ಎಂದು ಷರಾ ಬರೆದುಕೊಂಡರು. ಆಮೇಲೆ ಒಂದು ಹಕ್ಕಿಯ ಮುಖ ನೋಡಿ ಥಟ್ಟನೆ ನಿಂತರು. “ಕಣ್ಣೆಲ್ಲಿ? ಕಣ್ಣಿಲ್ಲದ ಹಕ್ಕಿ ಅಷ್ಟು ದೂರದಿಂದ ದಾರಿ ಹುಡುಕ್ಕೊಂಡು ಹೇಗೆ ಬಂತು? ಇದನ್ನ ನಾನು ಒಪ್ಪಕ್ಕಾಗಲ್ಲ.”

ನಾನು ಕೈಪಿಡಿ ತಿರುವಿಹಾಕತೊಡಗಿದೆ. ಶಾಮಲಮ್ಮ ಸಾಹೇಬರ ಮುಖ ನೋಡಿದರು. ಪಕ್ಕದಲ್ಲೇ ನಿಂತಿದ್ದ ಕದಿರೇಶ ಮಾತ್ರ ಅಲುಗಲಿಲ್ಲ.

“ಕಣ್ಣು ನಾವು ಅಂಗಡೀಲಿ ಬಿಡಿಸಲ್ಲ ಮೇಡಂ. ನಿಲ್ಲೋ ಜಾಗದಲ್ಲಿ ನಿಂತ ಮೇಲೆ ಕಡೇಲಿ ಬಿಡಿಸೋದು. ಬಿಡಿಸಿದ ಮೇಲೆ ಇದು ಕಲ್ಲಲ್ಲ, ದೇವರು. ಆಮೇಲೆ ಕದಲಿಸೋ ಹಾಗಿಲ್ಲ, ಸುತ್ತಮುತ್ತ ಸಗಣಿ ಗಂಜಳ ಬೀಳೋ ಹಾಗಿಲ್ಲ. ಮೊದ್ಲೇ ಹೇಳ್ಬಿಟ್ಟಿದೀನಿ.”

“ಕದಲದಿದ್ರೆ ಒಳ್ಳೇದೇ ಆಯ್ತು, ಮುಂದಿನ ವರ್ಷದ ಗಣತಿಗೂ ಅನುಕೂಲ” ಅಂದರು ಮೇಡಂ.

“ಇನ್ನೊಂದು. ಕಣ್ಣು ಬಿಟ್ಟ ತಕ್ಷಣ ದೃಷ್ಟಿ ಮೊದ್ಲು ಹಸು ಮೇಲೆ ಬೀಳ್ಬೇಕು. ಮನುಷ್ಯರ ಮೇಲೆ ಬಿದ್ರೆ ತಡ್ಕೊಳ್ಳೋಕಾಗಲ್ಲ.”

ಇದನ್ನು ಕೇಳಿ ಸಾಹೇಬರು ಜೀಪಿನ ಹಿಂದಕ್ಕೆ ಸರಿದರು. ಶಾಮಲಮ್ಮ ಓಡಿದರು. ಮನೆಯಿಂದ ಗೌರಿಯನ್ನು, ಅವರ ಎರಡು ಹಸುಗಳಲ್ಲಿ ದೊಡ್ಡದನ್ನು, ಮೈ ತೊಳೆದು ಕೊಂಬಿಗೆ ಅರಿಶಿನ ಹಚ್ಚಿ ಹೊಡೆದುಕೊಂಡು ಬಂದರು. ಕದಿರೇಶ ಮತ್ತು ಅವರ ಕಡೆಯವರು ಒಂದೊಂದೇ ಹಕ್ಕಿಯ ಕಣ್ಣು ಬಿಡಿಸುತ್ತ ಹೋದರು. ಪ್ರತಿ ಹಕ್ಕಿಯ ಮುಂದೆಯೂ ಗೌರಿ ಬಂದು ನಿಂತಳು. ಇನ್ನೂರು ಜೊತೆ ಕಣ್ಣುಗಳು ಲೋಕದಲ್ಲಿ ಮೊದಲು ನೋಡಿದ್ದು ಅವಳನ್ನೇ.

“ಇಷ್ಟು ದೇವ್ರು ನನ್ ಗೌರೀನ ನೋಡಿದ್ವು. ಇನ್ ನನ್ಗೇನ್ ಭಯ ಸಾಮಿ” ಅಂತ ಶಾಮಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಕರ್ಚೀಫು ತೆಗೆದೆ. ಸರ್ಕಾರಿ ನೌಕರನಾದರೇನು, ನಾನೂ ಮನುಷ್ಯನೇ.

ಮೇಡಂ ಅಲ್ಲೇ ಜೀಪಿನ ಬಾನೆಟ್ಟಿನ ಮೇಲೆ ಸಹಿ ಹಾಕಿದರು. ಗೋಮಾಳ ಉಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು.

ಚಪ್ಪಾಳೆ ನಿಂತಾಗ ಹೊತ್ತು ಮುಳುಗುತ್ತಿತ್ತು. ಉತ್ತರದಿಂದ ಬೂದು ಗಿಡುಗಗಳು ಬಂದವು. ಒಂದರ ಹಿಂದೆ ಒಂದು, ಆಮೇಲೆ ಹತ್ತಾರು, ಆಮೇಲೆ ಎಣಿಸಲಾರದಷ್ಟು. ಬೋಳು ನೆಲದ ಮೇಲೆ ಸುತ್ತು ಹಾಕಿದವು. ಇಳಿಯಲು ಹುಲ್ಲಿರಲಿಲ್ಲ. ಮತ್ತೆ ಮತ್ತೆ ಸುತ್ತಿ, ಕತ್ತಲಾಗುವ ಮುಂಚೆ ಆಂಧ್ರದ ಕಡೆ ಹೊರಟುಹೋದವು. ಮೇಡಂ ತಲೆ ಎತ್ತಿ ನೋಡಿ, “ಇವುಕ್ಕೆ ಉಂಗುರ ಇದೆಯಾ?” ಅಂತ ಕೇಳಿದರು. ಇಲ್ಲವೆಂದೆ. “ಹಾಗಾದ್ರೆ ಬಿಡಿ” ಅಂದರು.

ಮಾರನೇ ಬೆಳಿಗ್ಗೆ ಗೋಮಾಳದ ಸುತ್ತ ಮುಳ್ಳುತಂತಿಯ ಬೇಲಿ ಬಂತು. ಫಲಕವನ್ನು ನಾನೇ ಬರೆಸಿದೆ. ‘ಬೇಟೆಹಕ್ಕಿಗಳ ಅಧಿಕೃತ ವಾಸಸ್ಥಾನ. ದನಕರುಗಳಿಗೆ ಪ್ರವೇಶವಿಲ್ಲ. ಉಂಗುರವಿಲ್ಲದ ಹಕ್ಕಿಗಳು ಇಲ್ಲಿ ಇಳಿಯತಕ್ಕದ್ದಲ್ಲ.’

ಶಾಮಲಮ್ಮ ಹಸುಗಳನ್ನು ಹೊಡೆದುಕೊಂಡು ಬಂದು ಫಲಕದ ಮುಂದೆ ನಿಂತರು. ಅವರಿಗೆ ಓದಲು ಬಾರದ ಕಾರಣ ನಾನೇ ಓದಿ ಹೇಳಿದೆ.

“ನಿನ್ನೆ ಇದೇ ಹಸೂನೇ ಅಲ್ವಾ ಸಾಮಿ ಅವುಕ್ಕೆ ತೋರ್ಸಿದ್ದು?”

“ಹೌದಮ್ಮ. ಅದು ನಿನ್ನೆ” ಅಂದೆ.

ಮಾರ್ಚಿನಲ್ಲಿ ಭೀಮರಾಜ್ ನಿಯಮಾನುಸಾರ ಶ್ರೀನಿವಾಸಪುರಕ್ಕೆ ಹಿಂತಿರುಗಿದ. ಅಷ್ಟರಲ್ಲಿ ಶಾಮಲಮ್ಮ ಮೇವಿಲ್ಲದೆ ಚಿಕ್ಕ ಹಸುವನ್ನು ಮಾರಿದ್ದರು, ಯುಗಾದಿ ಕಳೆದ ಮೇಲೆ ಗೌರಿಯನ್ನೂ ಮಾರಿದರು. ಒಂದು ದಿನ ಕಚೇರಿಗೆ ಬಂದು ಮೊದಲಿನ ಹಾಗೆಯೇ ಮೇಜಿನ ಮುಂದೆ ನಿಂತರು. ಜಗಳಕ್ಕೆ ಬಂದರೇನೋ ಅಂತ ನನಗೆ ಸ್ವಲ್ಪ ಹೆದರಿಕೆಯೇ ಆಯಿತು.

“ಸಾಮಿ, ನನ್ಗೂ ಶಿವಾರಪಟ್ಟಣದಿಂದ ಒಂದ್ ಹಸು ಮಾಡಿಸ್ಕೊಡಿ. ಅದು ಮೇವು ಕೇಳಲ್ಲ. ಅದುನ್ನ ಬೇಲಿ ಒಳಗೆ ಬಿಡ್ತೀರಲ್ಲ?”

ಸಾಹೇಬರು ಕೈಪಿಡಿ ನೋಡಿದರು. ಸಗಣಿ ಹಾಕದ ಹಸುವಿಗೆ ನಿರ್ಬಂಧವೇನೂ ಇರಲಿಲ್ಲ. ಮನವಿ ನ್ಯಾಯಯುತವಾದ್ದರಿಂದ ಅಂದೇ ಮಂಜೂರಾಯಿತು. ಮಾರುವಾಗ ಗೌರಿಯ ಕಿವಿಯಿಂದ ಬಿಚ್ಚಿಟ್ಟುಕೊಂಡ ಓಲೆ ಶಾಮಲಮ್ಮನವರ ಹತ್ತಿರವೇ ಇತ್ತು, ಕದಿರೇಶರಿಗೆ ಅಳತೆಗೆ ಅಷ್ಟು ಸಾಕಾಯಿತು. ಹಸು ಬಂದು ಹಕ್ಕಿಗಳ ನಡುವೆ ನಿಂತ ದಿನ, ಹಾಲಿನ ಇಳುವರಿ ಎಷ್ಟೆಂದು ನಮೂದಿಸಬೇಕು ಅಂತ ನಾನು ಪೆನ್ನು ಹಿಡಿದು ಕೇಳಿದೆ.

“ಗೌರಿ ಕೊಡ್ತಿದ್ದಷ್ಟೇ ಬರ್ಕೊಳ್ಳಿ” ಅಂದರು. ಬರೆದುಕೊಂಡೆ.

ಈಗ ದಿನಾ ಬೆಳಿಗ್ಗೆ ಶಾಮಲಮ್ಮ ಕ್ಯಾನು ಹಿಡಿದು ಬೇಲಿಯೊಳಗೆ ಹೋಗುತ್ತಾರೆ, ಹಸುವಿನ ಕೆಳಗೆ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಬರುತ್ತಾರೆ. ಇನ್ನೂರು ಹಕ್ಕಿಗಳೂ ಅವರಿಗೆ ಕೈ ಮುಗಿದುಕೊಂಡೇ ಇರುತ್ತವೆ. ನಮ್ಮ ಘಟಕದ ಮೇಲೆ ಅವರಿಂದ ಇವತ್ತಿನವರೆಗೆ ಒಂದು ದೂರೂ ಬಂದಿಲ್ಲ.