ಮನುಷ್ಯರನ್ನು ಹಂಚಿನಂತೆ ಜೋಡಿಸುವುದನ್ನು ನಿಲ್ಲಿಸುವ ಬಗ್ಗೆ

ಸಂಖ್ಯೆ: ನಿಲ್ಲು/ಕೂರು/7/1959
ಹಂಪನಕಟ್ಟೆ, ಮಂಗಳೂರು
ದಿನಾಂಕ: 16-11-1959

ವಿಷಯ: ಫೋಟೋ ಸ್ಟುಡಿಯೋದಲ್ಲಿ ಆಕಾರ ಹಾಗೂ ವಿನ್ಯಾಸಕ್ಕಾಗಿ ಗಿರಾಕಿಗಳನ್ನು ಬಳಸುವ ಕ್ರಮ.
ಉಲ್ಲೇಖ: ಮಾರ್ಸೆಲಿನ್ ಬಾಯಿಯವರ ಮೌಖಿಕ ಅಹವಾಲು (ಕೆಳಗಿನ ಚಾದಂಗಡಿಯಲ್ಲೂ ಸ್ವೀಕೃತವಾಗಿದೆ).

ಮಳೆ ಪೂರ್ತಿ ಬಿಟ್ಟು ಬೊಂಬಾಯಿ ಹಡಗು ಪುನಃ ಶುರುವಾದ ಈ ನವೆಂಬರಿನ 9ರ ಸೋಮವಾರ, ಬೆಳಿಗ್ಗೆ ಹತ್ತೂವರೆಗೆ ಸದರಿ ಪ್ರಕರಣ ಆರಂಭವಾಯಿತು. ಕಂಕನಾಡಿಯ ಮಾರ್ಸೆಲಿನ್ ಬಾಯಿಯವರ ಮಗಳು ಐರಿನ್ ಮೂರು ವರ್ಷದ ನರ್ಸ್ ಕೆಲಸಕ್ಕೆಂದು ಶನಿವಾರ ಆ ಹಡಗು ಹತ್ತುವವರಿದ್ದು, ಅದಕ್ಕೆ ಮೊದಲು ಮನೆಯ ಎಂಟು ಮಂದಿಯೂ ಇರುವ ಒಂದು ಚಿತ್ರ ಬೇಕೆಂದು ತಾಯಿ ಕೋರಿದ್ದರು. ಫೋಟೋಗ್ರಾಫರ್ ರುಡೊಲ್ಫ್ ಅವರು ಕಿಟಕಿಯಿಂದ ಎದುರಿನ ಹಂಚಿನ ಮಾಡುಗಳನ್ನು ನೋಡಿ, ವಿನ್ಯಾಸವೆಂದರೆ ಇದೇ ಎಂದು ತೀರ್ಮಾನಿಸಿ, ಎಂಟು ಮಂದಿಯನ್ನೂ ಹಂಚು ಹೊದೆಸಿದ ಹಾಗೆ ಒಬ್ಬರ ಮೇಲೊಬ್ಬರು ಅರ್ಧರ್ಧ ಬರುವಂತೆ ನಿಲ್ಲಿಸಿದರು. ಮಂಗಳವಾರ ಬಂದ ಚಿತ್ರದಲ್ಲಿ ಒಟ್ಟು ಒಂಬತ್ತು ಕಿವಿಗಳು ಸಿಕ್ಕಿವೆ. ಐರಿನ್ ಅವರ ಪಾಲಿಗೆ ಒಂದು ಕಿವಿ ಹಾಗೂ ಮೂಗಿನ ತುದಿ. ಅಹವಾಲಿನ ಪೂರ್ಣಪಾಠ: “ಎಂತ ರುಡೊಲ್ಫ್, ನನ್ನ ಮಗಳು ಎಲ್ಲಿ ಉಂಟು? ಮಾಡಿನಡಿಯ ಗುಬ್ಬಿಯ ಹಾಗೆ ಇಣುಕ್ತಾಳೆ! ಈ ಮೂಗು ನೋಡಿಕೊಂಡು ನಾನು ಮೂರು ವರ್ಷ ಕೂತುಕೊಳ್ಳುವುದಾ?”

ಆದುದರಿಂದ ಈ ಮೂಲಕ ಸೂಚಿಸಲಾಗಿದೆ:

1. ಮನುಷ್ಯರನ್ನು ಹಂಚಿನಂತೆ ಹೊದೆಸತಕ್ಕದ್ದಲ್ಲ. ಕುಟುಂಬಗಳು ಸೋರುವ ಬಗ್ಗೆ ಇದುವರೆಗೆ ದೂರು ಬಂದಿರುವುದಿಲ್ಲ.

2. ತ್ರಿಕೋನ ಮಾಡುವಾಗ ಎತ್ತರದವರು ತುದಿಗೆ. ಆ ಎತ್ತರದವರು ಅಳಿಯನಾಗಿದ್ದಲ್ಲಿ ಅತ್ತೆಯ ಒಪ್ಪಿಗೆ ಪಡೆಯತಕ್ಕದ್ದು. ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಬುಡದ ಎರಡು ಮೂಲೆಗಳಿಗೆ ಹಾಕುವುದು. ಜಗಳ ಹಳೆಯದಾದಷ್ಟೂ ತ್ರಿಕೋನ ಅಗಲವಾಗತಕ್ಕದ್ದು.

3. ಚೌಕಳಿ ಲುಂಗಿಯವರನ್ನು ಚೌಕಳಿ ಪರದೆಯ ಮುಂದೆ ನಿಲ್ಲಿಸತಕ್ಕದ್ದಲ್ಲ. ಬೋಳಾರದ ಮೋಹನದಾಸ್ ಅವರು 1952ರಲ್ಲಿ ಹೀಗೆ ನಿಂತು ಸೊಂಟದಿಂದ ಕೆಳಗೆ ಇಲ್ಲವಾದರು. ಆ ಭಾಗವನ್ನು ಹುಡುಕಿಕೊಡುವಂತೆ ಅವರ ಪತ್ನಿ ಇಂದಿಗೂ ಕೇಳುತ್ತಾರೆ.

4. ಅಳುವ ಮಗುವಿನ ಬಾಯಿಯನ್ನು ವೃತ್ತವೆಂದು ಪರಿಗಣಿಸುವುದು. ಮಗು ಸುಮ್ಮನಾದಲ್ಲಿ ವೃತ್ತಕ್ಕಾಗಿ ಚಿವುಟತಕ್ಕದ್ದಲ್ಲ. ಅಜ್ಜನಿಗೆ ಆಕಳಿಸಲು ಹೇಳಬಹುದು.

5. ಎಲ್ಲರೂ ಒಂದೇ ಬಗೆಯಲ್ಲಿದ್ದು ಒಬ್ಬರು ಬೇರೆಯಾದರೆ ಕಣ್ಣು ಅಲ್ಲಿಗೇ ಹೋಗುವುದೆಂದು ಅನುಭವದಿಂದ ತಿಳಿದುಬಂದಿದೆ. ಆದಕಾರಣ ಊರು ಬಿಡುವವರನ್ನೇ ಬೇರೆ ಮಾಡುವುದು (12ರ ಗುರುವಾರದಿಂದಲೇ ಬಾಯಿಮಾತಿನಲ್ಲಿ ಜಾರಿಯಲ್ಲಿದೆ). ಉಳಿದವರೆಲ್ಲ ಕೈಕಟ್ಟಿ, ಬಾಯಿ ಮುಚ್ಚಿ ಕ್ಯಾಮೆರಾ ನೋಡತಕ್ಕದ್ದು. ಹೊರಡುವವರು ಮಾತ್ರ ಕೈ ಬಿಟ್ಟು ನಗತಕ್ಕದ್ದು.

6. ಐದನೇ ಕಲಮಿನ ಲಾಭವನ್ನು ಇತರರು ಪಡೆಯುವಂತಿಲ್ಲ. ಗುರುವಾರ ಸಂಜೆ ನಾಲ್ಕಕ್ಕೆ ಕುಟುಂಬ ಎರಡನೇ ಸಲ ಬಂದಾಗ ಐರಿನ್ ಅವರ ಅಣ್ಣ ಆರ್ಥರ್ ಟೊಪ್ಪಿ ತಲೆಕೆಳಗಾಗಿಸಿದ್ದೂ, ಭಾವ ಪೌಲ್ ಒಂಟಿ ಕಾಲಲ್ಲಿ ನಿಂತದ್ದೂ ದಾಖಲಾಗಿದೆ. “ಪೌಲ್, ನೀನೆಂತ ಕೊಕ್ಕರೆಯಾ ಮಾರಾಯ? ಕಾಲು ಇಳಿಸು!” ಎಂದು ಅತ್ತೆಯವರೇ ಆದೇಶ ಹೊರಡಿಸಿದ್ದಾರೆ.

7. ಕ್ಯಾಮೆರಾ ಕಣ್ಣು ತೆರೆದ ಮೇಲೆ ಯಾರೂ ಅಲುಗತಕ್ಕದ್ದಲ್ಲ. ಸದರಿ ಗುರುವಾರ ಐರಿನ್ ನಿಯಮದಂತೆ ನಕ್ಕಿದ್ದು, ಆರು ಮಂದಿ ನಿಯಮದಂತೆ ಕ್ಯಾಮೆರಾ ನೋಡಿದ್ದು, ತಾಯಿಯವರು ಮಾತ್ರ ಮಗಳ ಕಡೆ ತಿರುಗಿದ್ದಾರೆ. ವಿನ್ಯಾಸ ಕೆಟ್ಟಿತೆಂದು ರುಡೊಲ್ಫ್ ಅವರು ಚಿತ್ರವನ್ನು ತಿರಸ್ಕರಿಸಿದ್ದು, ಅದನ್ನು ಹಿಂದೆ ಕೊಡಲು ಬಾಯಿಯವರು ಒಪ್ಪಿರುವುದಿಲ್ಲ. ಅವರ ಹೇಳಿಕೆ: “ಮಗಳ ಮುಖ ಪೂರಾ ಉಂಟು. ನನ್ನದು ಅರ್ಧ ಸಾಕು.”

(ಸಹಿ) ಬೂಬ, ಸ್ಟುಡಿಯೋ ಸಹಾಯಕ
ಕುರ್ಚಿ, ಪರದೆ ಮತ್ತು ಗಲ್ಲ ಎತ್ತುವ ವಿಭಾಗ

ಪ್ರತಿಗಳು:
ರುಡೊಲ್ಫ್ ಅವರಿಗೆ: ಕಿಟಕಿ ಮುಚ್ಚಿ ಓದುವುದು.
ಪೌಲ್ ಅವರಿಗೆ: ಎರಡೂ ಕಾಲ ಮೇಲೆ ನಿಂತು ಓದುವುದು.
ಮೋಹನದಾಸ್ ಅವರ ಮೇಲ್ಭಾಗಕ್ಕೆ: ಮಾಹಿತಿಗಾಗಿ.
ಐರಿನ್ ಅವರಿಗೆ: ಕೊಡಲಾಗಿಲ್ಲ. 14ರ ಶನಿವಾರ ಹಡಗಿನಲ್ಲಿ ಹೊರಟರು.