ಗೂಟದವರ ಪರೀಕ್ಷೆ

“ಬಾಲ ಇದ್ರೆ ಬೇಡ, ರೆಕ್ಕೆ ಇದ್ರೆ ಬೇಡ, ಮೈಮೇಲೆ ರೋಮ ಇದ್ರೆ ಬೇಡವೇ ಬೇಡ. ಕತ್ತೆಗೆ ಅಂಗಿ ತೊಡಿಸಿ ಹೊಸ ಜನಾಂಗ ಅಂತ ತರೋದು ಇನ್ನು ಸಾಕು ಮೇಷ್ಟ್ರೇ,” ಎಂದರು ಯಜಮಾನರು.

ಅದು ಮಾಯಾಲೋಕದ ಆಟಗಳನ್ನು ತಯಾರಿಸುವ ಪುಟ್ಟ ಕಚೇರಿ. ಆಡುವವರು ಮೇಜಿನ ಸುತ್ತ ಕೂತು, ದಾಳ ಎಸೆದು, ಒಬ್ಬೊಬ್ಬರು ಒಂದೊಂದು ವಿಚಿತ್ರ ಜೀವಿಯ ಪಾತ್ರ ಹಾಕಿ ಮಾತಾಡುತ್ತಾರೆ. ಆ ಜೀವಿಗಳನ್ನು ಹುಟ್ಟಿಸುವುದು ಮೇಷ್ಟ್ರ ಕೆಲಸ. ಹಿಂದೆ ಪಾಠ ಹೇಳುತ್ತಿದ್ದರಿಂದ ಆ ಹೆಸರು. ಮೂರು ವರ್ಷದಿಂದ ಹಂಗಾಮಿ. ಒಂದೇ ಒಂದು ಜೀವಿ ಪಾಸಾದರೆ ಕೆಲಸ ಕಾಯಂ.

ಪಾಸಾಗಲು ಅಲ್ಲೊಂದು ಪದ್ಧತಿ. ಹುಟ್ಟಿಸಿದವರೇ ಒಂದು ದಿನ ಆ ಜೀವಿಯಾಗಿ ಕಚೇರಿಯಲ್ಲಿ ಬಾಳಬೇಕು. ಬಾಯಿ ಬಿಟ್ಟು ಹೇಳುವಂತಿಲ್ಲ. ಸಂಜೆಯೊಳಗೆ ಒಬ್ಬರಾದರೂ “ಇವತ್ತು ಇವರು ಬೇರೆ ಥರ ಇದ್ದಾರೆ” ಅನ್ನಬೇಕು. ಕಳೆದ ತಿಂಗಳು ನಕ್ಷೆ ಬರೆಯುವವನು ಗಾಜಿನ ಮನುಷ್ಯನಾಗಿ, ಹೊಟ್ಟೆಗೂ ಬೆನ್ನಿಗೂ ದಿಂಬು ಕಟ್ಟಿಕೊಂಡು ಬಂದು, ಹತ್ತೇ ನಿಮಿಷದಲ್ಲಿ ಪಾಸಾಗಿದ್ದ.

ಮೇಷ್ಟ್ರು ವಾರವಿಡೀ ತಲೆ ಕೆರೆದುಕೊಂಡು ಗೂಟದವರನ್ನು ಹುಟ್ಟಿಸಿದರು. ಬಟ್ಟೆ ತಗುಲಿಹಾಕುವ ಗೂಟಗಳಾಗಿ ಗೋಡೆಯಲ್ಲಿ ಹುಟ್ಟಿ, ಇಳಿದು ಬಂದು, ಮನುಷ್ಯರಂತೆ ಓಡಾಡುವ ಜನ. ಯಾರು ಏನು ತಗುಲಿಹಾಕಿದರೂ ‘ಆಗಲ್ಲ’ ಅನ್ನುವಂತಿಲ್ಲ. ಹಾಕಿದವರೇ ತೆಗೆಯುವವರೆಗೆ ಇಳಿಸುವಂತಿಲ್ಲ. ಇಷ್ಟನ್ನೂ ಬರೆದು, ಲಕೋಟೆ ಅಂಟಿಸಿ ಯಜಮಾನರಿಗೆ ಕೊಟ್ಟು, ಬೆಳಗ್ಗೆ ಒಂಬತ್ತಕ್ಕೆ ಬಾಗಿಲಲ್ಲಿ ನಿಂತರು.

“ಸ್ವಲ್ಪ ಇರ್ಲಿ ಮೇಷ್ಟ್ರೇ,” ಎಂದು ನಕ್ಷೆಯವನು ಹೆಲ್ಮೆಟ್ಟನ್ನು ಅವರ ಮೊಣಕೈಗೆ ಸಿಕ್ಕಿಸಿ ಹೋದ.

“ಒಣಗೋವರೆಗೂ ಅಷ್ಟೇ ಅಣ್ಣ,” ಎಂದು ಚಿತ್ರ ಬರೆಯುವ ಹುಡುಗಿ ಒದ್ದೆ ರೈನ್‌ಕೋಟನ್ನು ಹೆಗಲಿಗೆ ಹಾಕಿದಳು.

ಆಟದ ನಿಯಮ ಬರೆಯುವ ಅಕ್ಕ ಉಲ್ಲನ್ ದಾರದ ಲಡಿ ತಂದು ಅವರ ಎರಡೂ ಕೈಗೆ ತೊಡಿಸಿ, “ಹೀಗೇ ಅಗಲಿಸಿ ಹಿಡ್ಕೊಳಿ, ಉಂಡೆ ಸುತ್ಕೊಂಡು ಬಿಡ್ತೀನಿ,” ಎಂದರು. ಎರಡು ಸುತ್ತು ಸುತ್ತುವಷ್ಟರಲ್ಲಿ ಫೋನ್ ಬಂತು. ಅಕ್ಕ ಮಾತಾಡುತ್ತಾ ಹೋದವರು ಹೋದರು.

ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರು ಕಳೆದುಹೋದ ಸಾಮಾನುಗಳ ಕೋಣೆಯೇ ಎದ್ದು ನಡೆದಾಡಿದಂತಿದ್ದರು. ಊಟದ ಡಬ್ಬಿ ಎದುರಿಗಿತ್ತು, ಕೈ ಖಾಲಿ ಇರಲಿಲ್ಲ. ಮೂಗು ತುರಿಸಿದರೆ ಬಾಗಿಲ ಚೌಕಟ್ಟೇ ಗತಿ. ಹೆಂಡತಿಯ ಕರೆ ಬಂದಾಗ ನಕ್ಷೆಯವನು ಫೋನನ್ನು ಅವರ ಕಿವಿಗೆ ಹಿಡಿದ.

“ರೀ, ನಮ್ಮಣ್ಣ ಸಂಸಾರ ಸಮೇತ ಬರ್ತಾನಂತೆ, ಒಂದು ತಿಂಗಳಿಗೆ. ಬರಲಿ ತಾನೆ?”

ಗೂಟಕ್ಕೆ ‘ಆಗಲ್ಲ’ ಅನ್ನುವ ಬಾಯಿಲ್ಲ. “ಹೂಂ,” ಎಂದರು ಮೇಷ್ಟ್ರು. ಹೊಟ್ಟೆ ಹಸಿದಿದ್ದರೂ ಎದೆ ಉಬ್ಬಿತ್ತು. ಇಷ್ಟು ಹೊತ್ತ ಮೇಲೂ ಗಮನಿಸದಿರಲು ಇವರೇನು ಕುರುಡರೇ?

ಐದು ಗಂಟೆಗೆ ಯಜಮಾನರು ಎಲ್ಲರನ್ನೂ ಕರೆದರು. “ಇವತ್ತು ಮೇಷ್ಟ್ರಲ್ಲಿ ಏನಾದ್ರೂ ಬದಲಾವಣೆ ಕಾಣಿಸ್ತಾ?”

ಮೂವರೂ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಕಟಿಂಗ್ ಮಾಡಿಸಿದ್ದಾರಾ?” ಎಂದಳು ಹುಡುಗಿ.

“ಪರೀಕ್ಷೆ ಇವತ್ತಾ? ನಾನು ನಾಳೆ ಅಂದ್ಕೊಂಡಿದ್ದೆ,” ಎಂದರು ಅಕ್ಕ.

“ಎಂದಿನ ಹಾಗೇ ಇದ್ದಾರೆ ಸರ್. ಚಿನ್ನದಂಥ ಮನುಷ್ಯ,” ಎಂದ ನಕ್ಷೆಯವನು.

ಯಜಮಾನರು ಲಕೋಟೆ ಒಡೆದು ಓದಿದರು. ಮೇಷ್ಟ್ರನ್ನು ನೋಡಿದರು. ಮತ್ತೆ ಓದಿದರು.

“ಹೊಸ ಜೀವಿ ಬೇಕು ಅಂದಿದ್ದೆ ಮೇಷ್ಟ್ರೇ. ಇದು ಮೂರು ವರ್ಷದಿಂದ ನಮ್ಮಲ್ಲೇ ಇದೆಯಲ್ಲ. ನಾಳೆಗೆ ಇನ್ನೊಂದು ತರೋಕೆ ಆಗತ್ತಾ?”

ಮೇಷ್ಟ್ರು ಬಾಯಿ ತೆರೆದರು. ‘ಆಗಲ್ಲ’ದ ‘ಆ’ ತುಟಿಯವರೆಗೂ ಬಂತು.

“ಹೂಂ,” ಎಂದರು.

ಕಚೇರಿಗೆ ಬೀಗ ಹಾಕಲು ಯಜಮಾನರಿಗೆ ಎರಡೂ ಕೈ ಬೇಕಾಯಿತು. ಅತ್ತಿತ್ತ ನೋಡಿ, ತಮ್ಮ ಕೊಡೆಯನ್ನು ಮೇಷ್ಟ್ರ ಕಿರುಬೆರಳಿಗೆ ತಗುಲಿಹಾಕಿದರು.