ಮೀಟಿಂಗ್ ಅಕ್ಕ ಮತ್ತು ಐದೂರಿನ ಜೀಪು

ಊರು ಉದ್ಧಾರ ಮಾಡಲು ಹೊರಟರೆ ಊರು ಎಷ್ಟು ಉದ್ಧಾರವಾಗುತ್ತದೋ ಹೇಳಲಾರೆ, ಆದರೆ ಹೊರಟವರಿಗೆ ವಾರಕ್ಕೊಂದು ಪೇಚಾಟವಂತೂ ಗ್ಯಾರಂಟಿ. ನಾನು ಬೇಡವೆಂದರೂ ಅದು ನನ್ನ ಸೀಟಿನ ಪಕ್ಕದಲ್ಲೇ ಕೂತು ಬರುತ್ತಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ಹಗರಿಬೊಮ್ಮನಹಳ್ಳಿಯ ಒಂದು ಸಣ್ಣ ಸಂಸ್ಥೆಯಲ್ಲಿ ನನಗೆ ಕೆಲಸ. ಶೇಂಗಾಕ್ಕೆ ರೇಟಿಲ್ಲ, ಕೊಟ್ಟೂರಿನ ಎಣ್ಣೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ಕಾಫಿ ಸೀಮೆಗೆ ದುಡಿಯಲು ಗುಳೆ ಹೋಗುವವರ ಗಂಟುಮೂಟೆಯೇ ಕಾಣುತ್ತಿತ್ತು. ಅಂಥ ಹೊತ್ತಿನಲ್ಲಿ ಹಳ್ಳಿಯವರನ್ನು ಕೂಡಿಸಿ, ಅರ್ಧ ಶ್ರಮ ಅವರದು, ಅರ್ಧ ನೆರವು ನಮ್ಮದು ಎಂದು ಒಪ್ಪಿಸಿ ಕೆಲಸ ನಡೆಸುವುದು ನಮ್ಮ ಉದ್ಯೋಗ. ನಾವೆಂದರೆ ಮೂವರು. ಮೈಸೂರು ಕಡೆಯಿಂದ ಬಂದಿದ್ದ ನಮ್ಮ ಸರ್, ಹಡಗಲಿಯ ಜೀಪ್ ಡ್ರೈವರ್ ಚಾಚಾ, ಮತ್ತು ನಾನು. ಎಲ್ಲಿ ಹೋದರೂ ಜನರನ್ನು ಕೂಡಿಸಿ ಕೂರಿಸುತ್ತಿದ್ದೆನಾದ್ದರಿಂದ ನನಗೆ 'ಮೀಟಿಂಗ್ ಅಕ್ಕ' ಎಂದೇ ಹೆಸರು ಬಿತ್ತು. ಹೆತ್ತವರಿಟ್ಟ ಹೆಸರು ರೇಷನ್ ಕಾರ್ಡಿನಲ್ಲಷ್ಟೇ ಉಳಿಯಿತು.

ಪಾಲು

ಮೊದಲ ಮೀಟಿಂಗು ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಹಿಂದಿನ ದಿನ ಕನ್ನಡಿ ಮುಂದೆ ನಿಂತು ಭಾಷಣ ಬಾಯಿಪಾಠ ಮಾಡಿದ್ದೆ. ಸರ್ ಕಲಿಸಿದ ಮುಖ್ಯ ಪದ 'ಪಾಲುದಾರಿಕೆ'.

"ಇನ್ಮೇಲೆ ನೀವು ನಾವು ಬೇರೆ ಅಲ್ಲ. ನಾವೆಲ್ಲ ಪಾಲುದಾರರು!" ಎಂದೆ. ಚಪ್ಪಾಳೆ ಬರಬೇಕಿತ್ತು, ಬರಲಿಲ್ಲ. ಹಿಂದೆ ಕೂತಿದ್ದ ಅಣ್ಣತಮ್ಮಂದಿರಿಬ್ಬರು ಎದ್ದು ಟವೆಲ್ಲು ಕೊಡವಿಕೊಂಡರು.

"ಯಾಕ್ರಿ, ಹೊಂಟ್ರಿ?"

"ಮೊನ್ನೆ ಅಷ್ಟ ಪಾಲಾಗೇವ್ರಿ ಅಕ್ಕಾರ. ಇದ್ದ ಜೋಡೆತ್ತು ಒಂದೊಂದು ಹಂಚ್ಕೊಂಡೇವಿ. ಇನ್ನ ಪಾಲು ಮಾಡಾಕ ಏನೂ ಉಳದಿಲ್ಲ," ಎಂದು ಹೊರಟೇಬಿಟ್ಟರು.

ಕಟ್ಟೆಗೆ ಒರಗಿ ಕೂತಿದ್ದ ಅಜ್ಜ ಒಬ್ಬರು ಗಂಟಲು ಸರಿಮಾಡಿಕೊಂಡರು. "ತಂಗೀ, ಸಿಟ್ಟಾಗಬ್ಯಾಡ. ಪಾಲಿಗೆ ಮಾಡೋದು ಅಂದ್ರ ಮೊದ್ಲ ಮಾತಾಗಬೇಕು. ಹೊಲ ನಮ್ದು, ಎತ್ತು ನಮ್ವು, ಬೀಜ ನಮ್ದು. ನಿಂದೇನೈತಿ?"

"ನಮ್ದು... ತಿಳುವಳಿಕೆ ಅಜ್ಜಾರ. ನಾವು ಬಂದು ತಿಳುವಳಿಕೆ ಹೇಳ್ತೀವಿ."

ಅಜ್ಜ ಬೆರಳು ಮಡಿಸಿ ಲೆಕ್ಕ ಹಾಕಿದರು. ಮೋಸ ಮಾಡುವ ಮನುಷ್ಯ ಅಲ್ಲ, ಮುಖ ನೋಡಿದರೇ ತಿಳಿಯುತ್ತಿತ್ತು.

"ಆಗ್ಲಿ. ಸುಗ್ಗ್ಯಾಗ ಕಾಳು ನಮಗಿರ್ಲಿ. ನಿನ್ನ ಪಾಲಿಗೆ ನಾವೂ ಒಂದೀಟು ತಿಳುವಳಿಕಿ ಹೇಳಿ ಕಳಸ್ತೀವಿ."

ಕೋಳಿ ತಿಂದ ಓಣಿ

ಗುಡೇಕೋಟೆ ಕಡೆಯ ಇನ್ನೊಂದು ಊರು. ನೀರಿಗೆ ಒಂದು ಕೈಪಂಪಿನ ಬೋರಿಂಗ್ ಹಾಕಿಸಬೇಕಿತ್ತು, ಎಲ್ಲಿ ಎಂಬುದೇ ತಕರಾರು. ಮೇಲಿನ ಓಣಿಯವರು ನಮಗೆ ಬೇಕೆಂದರು, ಕೆಳಗಿನ ಓಣಿಯವರು ನಮಗೆ ಬೇಕೆಂದರು. ಊರವರೇ ನೆಲದ ಮೇಲೆ ಊರಿನ ನಕ್ಷೆ ಬರೆದರೆ ನ್ಯಾಯ ತಾನಾಗಿಯೇ ಕಾಣುತ್ತದೆ ಎಂದು ಸರ್ ಹೇಳಿದರು.

ಹೆಂಗಸರು ಗುಡಿ ಮುಂದೆ ಸಗಣಿ ಸಾರಿಸಿ, ರಂಗೋಲಿಯಲ್ಲಿ ಓಣಿಗಳನ್ನು ಎಳೆದು, ಮನೆಗೊಂದು ಚಿಟಿಕೆ ಜೋಳ ಇಟ್ಟರು. ಊರು ಎಷ್ಟು ಚೆಂದ ಕಾಣುತ್ತಿತ್ತೆಂದರೆ, ಅದನ್ನು ಬಿಟ್ಟು ಯಾರೂ ಗುಳೆ ಹೋಗಬಾರದು ಅನ್ನಿಸುವಂತಿತ್ತು. ಕೆಳಗಿನ ಓಣಿಯಲ್ಲಿ ಮನೆಗಳು ಕಿಕ್ಕಿರಿದಿದ್ದವು. ನೀರು ಯಾರಿಗೆ ಬೇಕೆಂದು ಕುರುಡರಿಗೂ ಕಾಣುವ ಹಾಗಿತ್ತು. ಎಲ್ಲರೂ ಚಹಾ ಕುಡಿಯಲು ಹೋದೆವು.

ತಿರುಗಿ ಬಂದಾಗ ಸರ್ ಕನ್ನಡಕ ಸರಿಪಡಿಸಿಕೊಂಡು ನಕ್ಷೆಯನ್ನು ದಿಟ್ಟಿಸಿದರು. "ಈ ಕೆಳಗಿನ ಬೀದಿಯಲ್ಲಿ ಮನೆಗಳೇ ಇಲ್ವಲ್ಲ?"

"ಇದ್ವು ಸರ್," ಎಂದರು ಚಾಚಾ, "ಈಗ ಇಲ್ಲ."

ಸರ್ ಮುಖ ಸಣ್ಣದಾಯಿತು. "ಅಯ್ಯೋ ಪಾಪ, ಎಲ್ಲರೂ ಗುಳೆ ಹೋದ್ರಾ?"

"ಇಲ್ಲ ಸರ್. ಕೋಳಿ ತಿಂತು."

ಆ ಕೋಳಿ ಇನ್ನೂ ಓಣಿಯ ತುದಿಯ ಕೊನೆಯ ಮನೆಯನ್ನು ಕುಕ್ಕುತ್ತಿತ್ತು. ಅದು ಮೇಲಿನ ಓಣಿಯ ಗೌಡ್ತಿಯದು. ಶುರುವಾಯಿತು ನೋಡಿ. "ನಿಮ್ಮ ಕೋಳಿ ನಮ್ಮ ಓಣಿನಷ್ಟ ಯಾಕ ನುಂಗ್ತು? ನಿಮ್ಮ ಮನಿ ಒಂದು ಕಾಳರ ಮುಟ್ಟೇತೇನು?" ಎಂದು ಕೆಳಗಿನವರು ಎದ್ದುನಿಂತರು. "ಅದಕ್ಕೇನು ಓದಾಕ ಬರ್ತೈತೇನು? ಜೋಳ ಕಂಡ್ರ ತಿಂತೈತಿ," ಎಂದು ಗೌಡ್ತಿ. ಕೆಳಗಿನ ಓಣಿಯ ಮುದುಕಿಯೊಬ್ಬಳು ಸರ್ ಕೈ ಹಿಡಿದುಕೊಂಡು, "ನೋಡಪಾ, ನಮ್ಮನ್ನ ಕೇಳೋರಿಲ್ಲ ಅನ್ನೋದು ಕೋಳಿಗೂ ಗೊತ್ತಾಗೈತಿ," ಎಂದಳು.

ಆ ಒಂದು ಮಾತಿಗೆ ಗೌಡ್ತಿಯೂ ನಕ್ಕುಬಿಟ್ಟಳು. "ಹೋಗ್ಲಿ ತಗೊಳ್ರಿ, ನಿಮಗ ಹಾಕ್ಸಿಕೊಳ್ರಿ," ಎಂದು ಬಿಟ್ಟುಕೊಟ್ಟಳು. ಕೆಳಗಿನ ಓಣಿಯಲ್ಲಿ ಬೋರಿಂಗ್ ಆಯಿತು. ಪೂಜೆ ಮಾಡಿ, ಹಿಡಿ ಒತ್ತಿ, ಮೊದಲ ನೀರು ಕಲ್ಲಿನ ಮೇಲೆ ಬಿದ್ದಾಗ ಜನರ ಕಾಲ ಸಂದಿಯಲ್ಲಿ ನುಸುಳಿ ಬಂದು ಕುಡಿದದ್ದು ಅದೇ ಕೋಳಿ.

ಮಲ್ಲಿಗೆ ವಾಸನೆ

ಹಡಗಲಿ ಮಲ್ಲಿಗೆ ಬಗ್ಗೆ ನಾನು ಹೇಳಬೇಕಾದ್ದಿಲ್ಲ. ಹೂ ಬೆಳೆಯುವ ಹೆಂಗಸರು ಒಬ್ಬೊಬ್ಬರೇ ಮಾರಲು ಹೋದರೆ ವ್ಯಾಪಾರಿ ಹೇಳಿದ್ದೇ ರೇಟು. ಹಾಗಾಗಿ ಸಂಘ ಕಟ್ಟಿಕೊಂಡರು. ಚಾಚಾ ಹಡಗಲಿಯಿಂದ ದಿನಾ ಬೆಳಿಗ್ಗೆ ಜೀಪು ತರುತ್ತಿದ್ದರಲ್ಲ, ಹೂವಿನ ಬುಟ್ಟಿಗಳನ್ನೂ ಹೇರಿಕೊಂಡು ಬಂದು ಹೊಸಪೇಟೆ ಬಸ್ಸಿಗೆ ಹಾಕುವುದೆಂದು ಮಾತಾಯಿತು.

ಇಷ್ಟು ವರ್ಷ ಡೀಸೆಲ್ಲು, ಬೀಡಿ ವಾಸನೆ ಹೊತ್ತು ಮನೆಗೆ ಹೋಗುತ್ತಿದ್ದ ಚಾಚಾ ಈಗ ದಿನಾ ಘಮಘಮ ಅನ್ನುತ್ತಾ ಹೋಗತೊಡಗಿದರು. ಒಂದು ದಿನ ಕಾಲರಿನಲ್ಲಿ ಮೊಗ್ಗೂ ಸಿಕ್ಕಿತು. ಅದನ್ನು ಅವರ ಹೆಂಡತಿ ಚಾಚಿ ಎತ್ತಿಟ್ಟುಕೊಂಡರು. ಸಂಘದ ಮೀಟಿಂಗ್ ಯಾವತ್ತೆಂದು ಪಕ್ಕದ ಮನೆಯವರಲ್ಲಿ ವಿಚಾರಿಸಿ, ಸೀದಾ ಬಂದು ಬಾಗಿಲಲ್ಲಿ ನಿಂತರು.

"ನಮ್ಮನಿಯವರ ಮೈಯಾಗ ದಿನಾ ಮಲ್ಲಿಗಿ ವಾಸನಿ ಬರಾಕತೈತಿ. ಯಾರಕಿ ಆಕಿ? ಎದ್ದು ನಿಂದ್ರಲಿ!"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಎದ್ದವಳು ಬಾಯಲ್ಲಿ ಹಲ್ಲೇ ಇಲ್ಲದ ಅಜ್ಜಿ. "ನಾನವ್ವಾ. ನಂದು ಎರಡು ಬುಟ್ಟಿ." ಅವಳ ಪಕ್ಕದವಳು ಎದ್ದಳು, "ನಾನೂ ಅದೀನ್ರಿ." ನೋಡನೋಡುತ್ತ ಇಡೀ ಸಂಘವೇ ಎದ್ದು ನಿಂತಿತು.

ಚಾಚಿಗೆ ಅರ್ಥವಾಯಿತು. ಅಲ್ಲೇ ಚಾಪೆಯ ಮೇಲೆ ಕುಸಿದು, ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಹೋಗುವಾಗ ಸಂಘಕ್ಕೆ ತಮ್ಮ ಹೆಸರನ್ನೂ ಸೇರಿಸಿ ಹೋದರು.

ಹೆಂಡತಿ ಬಂದದ್ದು ಕಂಡು ಜೀಪಿನ ಹಿಂದೆ ಅಡಗಿದ್ದ ಚಾಚಾ ಆಮೇಲೆ ಮೆಲ್ಲಗೆ ತಲೆ ಹಾಕಿ ಕೇಳಿದರು: "ಅಕ್ಕಾರ, ಎಷ್ಟು ಮಂದಿ ಒಪ್ಕೊಂಡ್ರಿ?"

"ಎಲ್ರೂ ಒಪ್ಕೊಂಡ್ರು ಚಾಚಾ."

"ಯಾ ಅಲ್ಲಾ! ನನಗ ಗೊತ್ತ ಇರಲಿಲ್ಲ ನೋಡ್ರಿ!"

ಸಾಹುಕಾರರ ನಿದ್ದೆ

ಕೂಡ್ಲಿಗಿ ಕಡೆಯ ಹೆಂಗಸರಿಗೆ ಹುಣಸೆಹಣ್ಣು ಬಡಿದು ಬೀಜ ಬಿಡಿಸುವ ಕೆಲಸ ಸಿಕ್ಕಿತ್ತು, ಕೂತು ಮಾಡಲು ಜಾಗ ಸಿಕ್ಕಿರಲಿಲ್ಲ. ಕೊಟ್ಟೂರಿನಲ್ಲಿ ಮುಚ್ಚಿದ ಗಿರಣಿಯೊಂದರ ಸಾಹುಕಾರರನ್ನು ಕೇಳಲು ಹೋದೆವು. ಜಿಗುಟು ಮನುಷ್ಯ ಎಂದು ಊರೆಲ್ಲ ಹೇಳಿತ್ತು. ಅವರು ಸರ್ ಪೀಠಿಕೆ ಮುಗಿಸುವ ಮೊದಲೇ ಬೀಗದ ಕೈ ಮುಂದಿಟ್ಟರು.

"ಬಾಡಿಗಿ ಏನೂ ಬ್ಯಾಡ್ರಿ. ಸಪ್ಪಳ ಮಾಡಿದ್ರ ಸಾಕು."

ನಮಗೆ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. "ಹುಡುಗ ಇದ್ದಾಗಿಂದ ಮಧ್ಯಾಹ್ನ ಗಾದಿ ಮ್ಯಾಲ ಗಿರಣಿ ಸಪ್ಪಳದಾಗ ಮಲಗಿದಾವ ನಾನು. ಗಿರಣಿ ನಿಂತ ಮ್ಯಾಲ ಕಣ್ಣು ಮುಚ್ಚವಲ್ದು. ಡಾಕ್ಟ್ರು ಗುಳಿಗಿ ಕೊಟ್ರು, ಅದಕ್ಕೂ ಬಗ್ಗಲಿಲ್ಲ."

ಹೆಂಗಸರು ಬಂದು ಕೂತು ಬಡಿಯತೊಡಗಿದರು. ಟಕ ಟಕ ಬಡಿತ, ಮೇಲೆ ಅವರ ಜಗಳ, ಹಾಡು, ನಗು. ಸಾಹುಕಾರರು ಮಗುವಿನ ಹಾಗೆ ನಿದ್ದೆ ಹೋದರು. ಹೆಂಗಸರ ಕೈಗೆ ಕೆಲಸ, ಸಾಹುಕಾರರಿಗೆ ನಿದ್ದೆ. ಇಷ್ಟು ಸರಿಯಾಗಿ ಕೂಡಿಬಂದ ಒಪ್ಪಂದವನ್ನು ನಾನು ಮತ್ತೆ ನೋಡಲಿಲ್ಲ.

ಒಂದು ಮಧ್ಯಾಹ್ನ ಸಂಘಕ್ಕೆ ನೆರವು ಕೊಡಬೇಕೋ ಬೇಡವೋ ನೋಡಲು ದೊಡ್ಡ ಅಧಿಕಾರಿಯೊಬ್ಬರು ಬಂದರು. ಶಿಸ್ತು ಕಾಣಲಿ ಎಂದು ಸರ್ ಎಲ್ಲರನ್ನೂ ಕೈಕಟ್ಟಿಸಿ ಕೂರಿಸಿದ್ದರು. ಗಿರಣಿಯಲ್ಲಿ ನೊಣ ಹಾರಿದರೂ ಕೇಳುವಷ್ಟು ಮೌನ. ಅಧಿಕಾರಿ ಮೊದಲ ಪ್ರಶ್ನೆ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನಿಂದ ಸಾಹುಕಾರರು ಧೋತರ ಕಟ್ಟಿಕೊಳ್ಳುತ್ತಾ ಗಾಬರಿಯಲ್ಲಿ ಓಡಿಬಂದರು.

"ಯಾಕ್ರವಾ, ಕರೆಂಟ್ ಹೋತೇನು?"

ಹಳ್ಳದ ಆಚೆ, ಹಳ್ಳದ ಈಚೆ

ಹರಪನಹಳ್ಳಿ ತಾಲ್ಲೂಕು ಮೊದಲು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆಮೇಲೆ ಅದನ್ನು ದಾವಣಗೆರೆಗೆ ಸೇರಿಸಿದರು. ಅಲ್ಲಿಯ ಜನ "ನೌಕರದಾರರಿಗಾದಂಗ ನಮ್ಮ ತಾಲ್ಲೂಕಿಗೂ ವರ್ಗ ಆಗೈತ್ರಿ" ಎಂದು ನಗುತ್ತಿದ್ದರು. ಆದರೆ ಗಡಿಯಲ್ಲಿ ಹರಿಯುವ ಹಳ್ಳವೊಂದಕ್ಕೆ ಆ ವರ್ಗದಿಂದ ಸಂಕಟ ಬಂತು. ಆಚೆ ದಂಡೆ ದಾವಣಗೆರೆ, ಈಚೆ ದಂಡೆ ಬಳ್ಳಾರಿ. ಅಲ್ಲಿ ಒಂದು ಒಡ್ಡು ಕಟ್ಟಬೇಕೆಂದು ಕೇಳಿದರೆ ಆಚೆಯ ಕಚೇರಿಯವರು ಈಚೆ ತೋರಿಸುತ್ತಿದ್ದರು, ಈಚೆಯವರು ಆಚೆ ತೋರಿಸುತ್ತಿದ್ದರು.

ಕೊನೆಗೆ ಎರಡೂ ದಂಡೆಯ ಊರುಗಳು ತಾವೇ ನಿಂತವು. ದನ ಹೊಲ ಮೇಯ್ದ ಹಳೇ ಜಗಳಕ್ಕೆ ಮಾತು ಬಿಟ್ಟಿದ್ದವರು ಒಂದೇ ಬುಟ್ಟಿಯ ಎರಡು ಕಿವಿ ಹಿಡಿದು ಕಲ್ಲು ಹೊತ್ತರು. ಸಿಮೆಂಟು ನಮ್ಮದು, ಬೆವರು ಅವರದು. ಬೇಸಿಗೆ ಮುಗಿಯುವುದರೊಳಗೆ ಒಡ್ಡು ಎದ್ದು ನಿಂತಿತು. ಆದರೆ ಮಳೆಗಾಲ ಶುರುವಾದರೂ ಹಳ್ಳಕ್ಕೆ ಹನಿ ನೀರು ಬರಲಿಲ್ಲ. "ಬರೀ ಗ್ವಾಡಿ ಕಟ್ಟೇವೇನ್ರಿ ಅಕ್ಕಾರ?" ಎಂದು ಅವರು ಕೇಳಿದಾಗಲೆಲ್ಲ ನಾನು ಆಕಾಶದಲ್ಲಿ ಮೋಡ ಹುಡುಕುತ್ತಿದ್ದೆ.

ಉದ್ಘಾಟನೆಯ ದಿನ ಬಂತು. ಆಚೆ ದಂಡೆಗೆ ರಸ್ತೆ ಇತ್ತು, ಅಲ್ಲಿ ಪೆಂಡಾಲು. ಈಚೆ ದಂಡೆಯಲ್ಲಿ ಬೇವಿನ ನೆರಳಿತ್ತು, ಇಲ್ಲಿ ಅಡಿಗೆ. ಒಣ ಹಳ್ಳ, ದಾಟಲು ಎಷ್ಟು ಹೊತ್ತು? ಹೆಂಗಸರು ವಾರದಿಂದ ಬಡಿದಿಟ್ಟ ಖಡಕ್ ರೊಟ್ಟಿ, ಬದನೆ ಎಣಗಾಯಿ, ಗೋಧಿ ಹುಗ್ಗಿ ಎಲ್ಲ ತಯಾರು. ಅಡಿಗೆಯ ಮುಖ್ಯಸ್ಥೆ ಎತ್ತರದ ಗಟ್ಟಿ ಆಳು, ಕಲ್ಲು ಹೊರುವಾಗಲೂ ಗಂಡಸರಿಗಿಂತ ಮುಂದಿದ್ದವಳು. ನಾನು ಅವಳ ಜೊತೆ ಈಚೆ ದಂಡೆಯಲ್ಲೇ ಉಳಿದಿದ್ದೆ.

ಆಚೆ, ಉದ್ಘಾಟನೆಗೆ ಬಂದಿದ್ದ ಸರ್ಕಾರಿ ಸಾಹೇಬರು ಹಾರ ಹಾಕಿಸಿಕೊಂಡು ಮೈಕಿನಲ್ಲಿ ಮಾತು ಶುರುಮಾಡಿದರು. ಮೇಲಿನ ಗುಡ್ಡದ ಕಡೆ ಬೆಳಿಗ್ಗೆ ಮಳೆಯಾಗಿದ್ದು ನಮಗ್ಯಾರಿಗೂ ಗೊತ್ತಿರಲಿಲ್ಲ. "ಈ ಒಡ್ಡು ನೀರಿಗಾಗಿ ಕಾದಿದೆ, ಬಂಧುಗಳೇ..." ಎಂದರು. ಗುರ್ ಎಂಬ ಸದ್ದು ಕೇಳಿತು. ಕೆಂಪು ನೀರು, ಕಸಕಡ್ಡಿ, ನೊರೆ, ಎಲ್ಲ ಒಟ್ಟಿಗೆ ನುಗ್ಗಿಬಂದು ಗೋಡೆಗೆ ಬಡಿಯಿತು. ನಿಂತಿತು, ಏರಿತು, ತುಂಬಿತು, ಮೇಲಿಂದ ಹಾರಿತು. ಪೆಂಡಾಲು ಖಾಲಿ. ಜನ ಕುಣಿದರು, ಕೂಗಿದರು. ನಮ್ಮ ಸರ್ ಯಾವನೋ ಕುರಿಗಾರನನ್ನು ತಬ್ಬಿಕೊಂಡು ಅಳುತ್ತಿದ್ದರು. ಈಚೆ ದಂಡೆಯಲ್ಲಿ ನಾನೂ ಅಡಿಗೆಯವಳೂ ಸೌಟು ಹಿಡಿದೇ ಕುಣಿದೆವು.

ಕುಣಿದು ಮುಗಿದ ಮೇಲೆ ಹಸಿವಾಯಿತು. ಆಗ ಎಲ್ಲರಿಗೂ ಗೊತ್ತಾಯಿತು, ಹೊಟ್ಟೆಗಳೆಲ್ಲ ಆಚೆ, ಊಟವೆಲ್ಲ ಈಚೆ, ನಡುವೆ ತುಂಬಿದ ಹಳ್ಳ. ಸಾಹೇಬರು ಬೇವಿನ ಮರದ ಕಡೆಗೇ ಕಣ್ಣು ನೆಟ್ಟು, ಬೇರೆ ದಾರಿ ಕಾಣದೆ ಭಾಷಣ ಮುಂದುವರಿಸಿದರು.

ಅಡಿಗೆಯವಳು ಹಳ್ಳದ ಅಂಚಿಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಖಡಕ್ ರೊಟ್ಟಿಯೊಂದನ್ನು ತೆಗೆದು, ಬೀಸಿ ಒಗೆದಳು. ಅದು ಗಿರಗಿರ ತಿರುಗುತ್ತಾ ಹೋಗಿ ನೀರಿಗೆ ಬಿತ್ತು. ಎರಡನೆಯದಕ್ಕೆ ಎರಡು ಹೆಜ್ಜೆ ಓಡಿಬಂದು ಒಗೆದಳು. ರೊಟ್ಟಿ ಹಳ್ಳ ದಾಟಿತು, ಮೈಕು ದಾಟಿತು, ಸಾಹೇಬರ ಎದೆಯ ಮೇಲಿನ ಹಾರಕ್ಕೆ ಬಡಿದು ಅಲ್ಲೇ ಸಿಕ್ಕಿಕೊಂಡಿತು. ಎರಡು ಜಿಲ್ಲೆಯ ಜನ ಉಸಿರು ಬಿಗಿಹಿಡಿದರು.

ಅವಳು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು:

"ಸಾಹೇಬ್ರ, ಬಳ್ಳಾರಿ ರೊಟ್ಟಿಗೆ ದಾವಣಗೇರಿಗೆ ವರ್ಗ ಆಗೈತ್ರಿ! ಚಾರ್ಜ್ ತಗೊಳ್ರಿ!"